ಬ್ಲೇಡಿನಿಂದ ಹೆರೆದ ಹನ್ನೊಂದು ಒರತೆಗಳು

ಕಮರಿಯಣ್ಣ ಸತ್ತು ಎಂಟು ತಿಂಗಳಾಯಿತು. ಯಾವ ಪತ್ರಿಕೆಯೂ ಅವನ ಬಗ್ಗೆ ಎರಡು ಸಾಲು ಬರೆಯಲಿಲ್ಲ. ಮೂವತ್ನಾಲ್ಕು ವರ್ಷ ಸರ್ವೆ ಕಚೇರಿಯಲ್ಲಿ ಕೂತು ನಕ್ಷೆ ಬರೆದ, ರಜೆ ಸಿಕ್ಕಾಗಲೆಲ್ಲ ಕಮರಿಗಳಿಗೆ ಹೋದ, ಒಂದು ತಪ್ಪು ಮಾಡಿದ. ಆ ತಪ್ಪನ್ನು ನಕ್ಷೆ ಬರೆಯುವವನಲ್ಲದೆ ಬೇರೆ ಯಾರೂ ಮಾಡಲು ಸಾಧ್ಯವಿರಲಿಲ್ಲ. ಅದನ್ನು ಹೇಳಬೇಕಂತಲೇ ಇಷ್ಟು ಬರೆಯುತ್ತಿದ್ದೇನೆ.

ಕಚೇರಿಯಲ್ಲಿ ಅವನ ಮೇಜು ಉತ್ತರದ ಕಿಟಕಿಗೆ ಆತುಕೊಂಡಿತ್ತು. ನೆರಳು ಬೀಳದ ಬೆಳಕು ಬೇಕೆಂದು ಹಟ ಹಿಡಿದು ಪಡೆದ ಜಾಗ. ಅಳತೆಗೆ ಹೋದವರು ತಂದ ಪುಸ್ತಕಗಳನ್ನು ಎಡಕ್ಕಿಟ್ಟುಕೊಂಡು, ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಗುಡ್ಡ, ನೀಲಿಯಲ್ಲಿ ನೀರು ಬರೆಯುವುದು ಕೆಲಸ. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಶಾಯಿಯನ್ನು ಮೆಲ್ಲಗೆ ಹೆರೆಯಬೇಕು. ಹಾಳೆ ಹರಿಯಬಾರದು, ಮಸಿ ಉಳಿಯಬಾರದು. ಆ ಹೆರೆಯುವ ಕೈಯಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಕಚೇರಿಯಲ್ಲೆಲ್ಲ ಹೆಸರಿತ್ತು. ಮುಂದೆ ಅದೇ ಕೈ ಅವನನ್ನು ತಿಂದಿತು.

ಬಸ್ಸು ನಿಲ್ಲುವ ಕೊನೆಯ ಜಾಗದಿಂದ ಎರಡು ದಿನ ನಡೆದರೆ ಆ ಕಲ್ಲುನೆಲ ಸಿಗುತ್ತದೆ. ಮೇಲಿಂದ ನೋಡಿದರೆ ಬೋಳು ಬಯಲು; ಕತ್ತೆಯೂ ಕಾಲಿಡದ ಜಾಗ ಅನ್ನಬೇಕು. ಹತ್ತಿರ ಹೋದರೆ ಕಾಲಡಿಯಲ್ಲೇ ನೆಲ ಬಾಯಿ ಬಿಡುತ್ತದೆ. ಆ ಕಮರಿಗಳ ಒಳಗೆ ಅವನು ಒಬ್ಬನೇ ಇಳಿಯುತ್ತಿದ್ದ. ಜೊತೆಗೆ ಮಾರಿಗೊಂದು ಗಂಟು ಹಾಕಿದ ಹಗ್ಗ, ಒಂದು ಪೆನ್ಸಿಲ್ಲು, ಐದು ದಿನದ ರೊಟ್ಟಿ. ಹೊತ್ತಿಸಿದ ಒಲೆಯ ಬೂದಿಯನ್ನೂ ಚೀಲದಲ್ಲಿ ಕಟ್ಟಿಕೊಂಡು ವಾಪಸ್ ತರುತ್ತಿದ್ದ. ಊರಿಗೆಲ್ಲ ಶಾಲೆಯ ಸಮವಸ್ತ್ರ ಹೊಲಿದುಕೊಡುವ ಅವನ ಹೆಂಡತಿ ಆ ಚೀಲವನ್ನು ಮೂರು ಸಲ ಹೊಸದಾಗಿ ಹೊಲಿದಳು, ಬೈದುಕೊಂಡೇ ಹೊಲಿದಳು. ರಜೆ ಮುಗಿಸಿ ಬಂದ ಸೋಮವಾರ ಬೆಳಿಗ್ಗೆ ಅವನು ಟೀ ಲೋಟಕ್ಕೆ ಕೈ ಚಾಚಿದಾಗ ಆ ಕಮರಿಗಳ ಬಗ್ಗೆ ಆಕೆ ಕೇಳುತ್ತಿದ್ದದ್ದು ಒಂದೇ ಮಾತು.

"ಹೇಗಿದಾಳೆ ನನ್ನ ಸವತಿ?"

"ಚೆನ್ನಾಗಿದಾಳೆ. ನಿನ್ನ ಕೇಳಿದ್ಲು."

"ಬರೋಕೆ ಹೇಳಿ, ಗುಂಡಿ ಹಾಕೋ ಕೆಲಸ ಇದೆ."

ಆಕೆ ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. ಮೊದಲು ಹೊಲಿಗೆ ಬಿಡುವು ಕೊಡಲಿಲ್ಲ, ಆಮೇಲೆ ಮಂಡಿ ಕೊಡಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಪ್ರಾಮಾಣಿಕನಾಗಿದ್ದ. ತಾನೇ ಹುಡುಕಿ ಕಂಡ ಮೊದಲ ಒರತೆಯನ್ನು ಹೆಮ್ಮೆಯಿಂದ ನಕ್ಷೆಗೆ ಸೇರಿಸಿದ. ನೀಲಿ ಸೊನ್ನೆ, ಅದಕ್ಕೊಂದು ಪುಟ್ಟ ಬಾಲ. ನಕ್ಷೆ ಅಚ್ಚಾಗಿ ಹೊರಬಂದ ಎರಡೇ ವರ್ಷಕ್ಕೆ ಯಾರೋ ಅಲ್ಲಿಗೆ ದಾರಿ ಕಡಿದರು, ಪಂಪು ಇಳಿಸಿದರು, ಲಾರಿಗಳಲ್ಲಿ ನೀರು ಮಾರಿದರು. ನಾಲ್ಕನೇ ವರ್ಷ ಇವನು ಹೋದಾಗ ಕೊಳದ ತಳ ಬಿರಿದಿತ್ತು, ಬಿರುಕಿನಲ್ಲಿ ಒಡೆದ ಸೀಸೆಗಳಿದ್ದವು.

ಹೊಸ ಆವೃತ್ತಿಗೆ ಆ ಹಾಳೆ ಮತ್ತೆ ಅವನ ಮೇಜಿಗೆ ಬಂತು. ಅಷ್ಟರಲ್ಲಿ ಅಳತೆಯವರು ಕಷ್ಟಪಟ್ಟು ಇನ್ನೂ ಹನ್ನೊಂದು ಒರತೆ ಗುರುತಿಸಿದ್ದರು, ಇವನೇ ಅವನ್ನು ನೀಲಿಯಲ್ಲಿ ಬರೆದಿದ್ದ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವನು ಏಳಲಿಲ್ಲ. ಅರ್ಧ ಬ್ಲೇಡು ತೆಗೆದ, ಹನ್ನೊಂದನ್ನೂ ಹೆರೆದ. ಮೇಲೆ ಸಣ್ಣ ಅಕ್ಷರದಲ್ಲಿ 'ಪಾಳು, ನೀರಿಲ್ಲ' ಎಂದು ಬರೆದ. ನೀರಿಲ್ಲದ ಪಾಳಿಗೆ ಯಾರು ತಾನೆ ಬರುತ್ತಾರೆ, ತಾನು ಕಾಪಾಡಿದೆ ಅಂದುಕೊಂಡ. ಹೆಂಡತಿಗೂ ಹೇಳಲಿಲ್ಲ. ನಿವೃತ್ತಿಯ ದಿನ ಕಚೇರಿಯವರು ಗೋಡೆ ಗಡಿಯಾರ ಕೊಟ್ಟು, ಒಂದೂ ಕಪ್ಪುಚುಕ್ಕೆಯಿಲ್ಲದ ಸೇವೆ ಅಂದರು. ಚುಕ್ಕೆ ಹೆರೆಯುವವನಿಗೆ ಅದು ಒಳ್ಳೆಯ ಪ್ರಶಸ್ತಿ.

ನಿವೃತ್ತಿಯಾದ ಮೂರನೇ ವರ್ಷ ಕಲ್ಲಿನ ಕಂಪನಿ ಬಂತು. ಇಡೀ ಕಲ್ಲುನೆಲ ಸರ್ಕಾರದ್ದು, ಅಂದರೆ ನಮ್ಮೆಲ್ಲರದ್ದು. ಅದನ್ನು ಐವತ್ತು ವರ್ಷಕ್ಕೆ ಕಂಪನಿಗೆ ಕೊಡಲು ಕಾನೂನಿನಲ್ಲಿ ಒಂದೇ ಅಡ್ಡಿಯಿತ್ತು: ಅಲ್ಲಿ ಹರಿಯುವ ನೀರಿದ್ದರೆ ಕೊಡುವಂತಿಲ್ಲ. ಅರ್ಜಿಯ ಜೊತೆ ಕಂಪನಿ ಲಗತ್ತಿಸಿದ್ದು ಸರ್ಕಾರದ್ದೇ ನಕ್ಷೆ. ಪಾಳು, ನೀರಿಲ್ಲ.

ನಮ್ಮ ಹೋರಾಟ ಸಮಿತಿಯ ಆರು ಜನ ಅವನನ್ನು ಹುಡುಕಿಕೊಂಡು ಹೋದೆವು, ದಾರಿ ತೋರಿಸು ಅಂದೆವು. ತೋರಿಸಿದ. ನಾನು ಲಾಠಿ ತಿಂದ ಮನುಷ್ಯ, ಕಲ್ಲು ಮಣ್ಣು ನೋಡಿ ಕರಗುವವನಲ್ಲ. ಆದರೂ ಹೇಳುತ್ತೇನೆ. ಎರಡು ಕೈ ಚಾಚಿದರೆ ಎರಡು ಗೋಡೆಯೂ ಅಂಗೈಗೆ ತಾಗುವಷ್ಟು ಇಕ್ಕಟ್ಟು. ತಲೆಯ ಮೇಲೆ ಆಕಾಶ ಒಂದು ಪಟ್ಟಿ, ಅವನ ಹೆಂಡತಿಯ ಅಳತೆ ಟೇಪಿನಷ್ಟು. ಗೋಡೆಯಲ್ಲಿ ಇಟ್ಟಿಗೆ ಬಣ್ಣ, ಅರಿಸಿನ, ಬೂದಿ, ಪದರದ ಮೇಲೆ ಪದರ. ಬಾಗಿಲ ಸಂದಿಯಂಥ ಜಾಗದಿಂದ ತಣ್ಣಗೆ ನೀರು ಬರುತ್ತಿತ್ತು, ಅದರ ಬಾಯಲ್ಲಿ ಜರೀಗಿಡ. ನಮ್ಮಲ್ಲೊಬ್ಬ ಅಭ್ಯಾಸಬಲದಿಂದ ಘೋಷಣೆ ಕೂಗಲು ಬಾಯಿ ತೆರೆದ. ಕಮರಿಯಣ್ಣ ಅವನ ಭುಜ ಮುಟ್ಟಿ, ಮೇಲೆ ಹಕ್ಕಿಗಳು ಮರಿ ಮಾಡಿವೆ, ಮೆಲ್ಲಗೆ ಮಾತಾಡಿ ಅಂದ. ಫೋಟೋ ತೆಗೆದುಕೊಂಡೆವು, ಗೆದ್ದೆವು ಅಂದುಕೊಂಡೆವು.

ಮೊದಲ ವಿಚಾರಣೆಯಲ್ಲಿ ಕಂಪನಿಯ ವಕೀಲ ಫೋಟೋಗಳನ್ನು ಇಸ್ಪೀಟಿನ ಹಾಗೆ ಹರಡಿ, ನೀರೇನೋ ಸೊಗಸಾಗಿದೆ, ಯಾವ ಕಮರಿಯದು, ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ ಅಂದ. ಬೆರಳಿಡಲು ಜಾಗವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಮರಿಯಣ್ಣ ಎದ್ದು ಹೊರಗೆ ಹೋದ. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆವು.

ಆ ಸಂಜೆ ಅವನು ಹೆಂಡತಿಯ ಮಿಷನ್ನಿನ ಪಕ್ಕ ಸ್ಟೂಲು ಎಳೆದು ಕೂತು ಎಲ್ಲ ಹೇಳಿದ. ಆಕೆ ತುಳಿಯುವುದನ್ನು ನಿಲ್ಲಿಸಿದಳು.

"ಹೇಳಿಬಿಡ್ಲಾ?" ಅಂದ.

"ಹೇಳಿದ್ರೆ ನಿಮ್ಮನ್ನ ಕಳ್ಳ ಅಂತಾರೆ."

"ಅನ್ನಲಿ."

"ಅಂದಮೇಲೆ ಉಳಿಯುತ್ತಾ ಅದು?"

ಉಳಿಯಬಹುದು ಅಂದ ಅವನು. ಹಾಗಿದ್ದರೆ ಬಿಳಿ ಅಂಗಿ ಇಸ್ತ್ರಿ ಮಾಡಿಡುತ್ತೇನೆ ಅಂದಳು ಆಕೆ.

ಅವನು ಹೇಳಿದನೆಂದು ಎರಡನೇ ವಿಚಾರಣೆಗೆ ಕಚೇರಿಯ ಮೂಲ ಹಾಳೆ ತರಿಸಲು ನಾವು ಅರ್ಜಿ ಹಾಕಿದೆವು. ಹಳೆಯ ಅಳತೆ ಪುಸ್ತಕಗಳು ರದ್ದಿಗೆ ಹೋಗಿದ್ದವು, ಹಾಳೆ ಮಾತ್ರ ಬಂತು. ಕಮರಿಯಣ್ಣ ಅದನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದ. ಬ್ಲೇಡು ಓಡಿದ ಕಡೆ ಹಾಳೆ ತೆಳುವಾಗಿತ್ತು. ಹನ್ನೊಂದು ಚುಕ್ಕೆಗಳಲ್ಲಿ ಬೆಳಕು ಬಂತು. ನಾನೇ ಹೆರೆದದ್ದು ಸ್ವಾಮಿ, ಯಾರೂ ಹೇಳಿಸಿದ್ದಲ್ಲ, ಅಂದ. ಆ ಕೋಣೆಯಲ್ಲಿ ಎಲ್ಲರಿಗೂ ಕಂಡಿತು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗೂ ಕಂಡಿತು. ಆತ ಕನ್ನಡಕ ತೆಗೆದು ಒರೆಸಿ ಕೇಳಿದ.

"ಆಗ ಸುಳ್ಳು ಬರೆದಿರಿ ಅಂತ ನೀವೇ ಹೇಳ್ತಿದೀರಿ. ಈಗ ಹೇಳ್ತಿರೋದು ನಿಜ ಅಂತ ಹೇಗೆ ನಂಬ್ಲಿ?"

"ನನ್ನ ನಂಬೋದು ಬೇಡ ಸಾರ್. ಬಂದು ಒಂದು ಬೊಗಸೆ ಕುಡೀರಿ ಸಾಕು. ಎರಡು ದಿನದ ದಾರಿ, ನಾನು ಕರ್ಕೊಂಡು ಹೋಗ್ತೀನಿ."

ತಿದ್ದಿದ ಗುರುತಿನಿಂದ ತಿದ್ದಿದ್ದು ಸಾಬೀತಾಗುತ್ತದೆಯೇ ಹೊರತು ನೀರು ಸಾಬೀತಾಗುವುದಿಲ್ಲ ಎಂದು ಬರೆಸಿ, ಆತ ಸ್ಥಳ ಪರಿಶೀಲನೆಗೆ ಆದೇಶ ಮಾಡಿದ. ಜೀಪು ಹೋಯಿತು. ಜೀಪು ಹೋಗುವಷ್ಟು ದೂರ ಹೋಯಿತು. ಇಳಿದವರು ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿ ಉಂಡು, ಬೋಳು ಬಯಲನ್ನು ಕಣ್ಣು ಕಿರಿದು ಮಾಡಿ ನೋಡಿದರು. ಜೊತೆಗೆ ಹೋಗಿದ್ದ ಕಮರಿಯಣ್ಣ ಇನ್ನು ಅರ್ಧ ದಿನ ನಡೆದರೆ ಮೊದಲನೆಯದು ಸಿಗುತ್ತದೆ ಅಂದ. ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಮೀಟಿಂಗು. 'ನೀರು ಕಂಡುಬರಲಿಲ್ಲ' ಎಂದು ಎರಡು ಪದದ ವರದಿ ಬಂತು. ಸುಳ್ಳೇನಲ್ಲ. ಅವರಿಗೆ ಕಂಡಿರಲಿಲ್ಲ.

ಕಲ್ಲುನೆಲ ಕಂಪನಿಗೆ ಹೋಯಿತು. ನಾವು ರಸ್ತೆ ತಡೆದೆವು, ಒಂಬತ್ತು ದಿನ ಜೈಲಿನಲ್ಲಿದ್ದು ಬಂದೆವು. ಬರುವಷ್ಟರಲ್ಲಿ ಸಿಡಿಮದ್ದಿನ ಕೆಲಸ ಶುರುವಾಗಿತ್ತು. ಹದಿನಾಲ್ಕು ತಿಂಗಳಲ್ಲಿ ಹನ್ನೊಂದೂ ಹೋದವು. ಸಮಿತಿಯ ಕೆಲವರು ಅವನ ಮುಖಕ್ಕೇ ಅಂದರು, ನೀನು ಅವತ್ತು ಬರೆದದ್ದನ್ನು ಹಾಗೇ ಬಿಟ್ಟಿದ್ದರೆ ಇವತ್ತು ಗೆಲ್ಲುತ್ತಿದ್ದೆವು ಎಂದು. ಅಂದವರಲ್ಲಿ ನಾನೂ ಒಬ್ಬ. ಅವನು ಹೌದು ಅಂದ. ಸೋಮವಾರದ ಟೀ ಹೊತ್ತಿನಲ್ಲಿ ಅವನ ಮನೆಯಲ್ಲಿ ಆ ಪ್ರಶ್ನೆ ನಿಂತುಹೋಯಿತು.

ಆಮೇಲೆ ಅವನು ಹೆಂಡತಿಯ ಬಟ್ಟೆ ಕತ್ತರಿಸುವ ಮೇಜನ್ನು ದಿನಕ್ಕೆರಡು ಗಂಟೆ ಬೇಡಿ ಪಡೆದ. ದೊಡ್ಡ ಟ್ರೇಸಿಂಗ್ ಹಾಳೆ ಹಾಸಿ, ನೆನಪಿನಿಂದ ಎಲ್ಲ ಬರೆಯತೊಡಗಿದ. ಪ್ರತಿ ತಿರುವು, ಪ್ರತಿ ಕೊಳ, ಹಗ್ಗ ಕಟ್ಟುತ್ತಿದ್ದ ಪ್ರತಿ ಬಂಡೆ. ಇಲ್ಲದ ಜಾಗಕ್ಕೆ ನಕ್ಷೆ ಯಾಕೆ ಅಂತ ಆಕೆ ಕೇಳಿದ್ದಕ್ಕೆ, ಇತ್ತು ಅಂತ ಇರಲಿ ಅಂದನಂತೆ. ಅದು ಮುಗಿದ ಮಳೆಗಾಲದಲ್ಲಿ ಶ್ವಾಸಕೋಶಕ್ಕೆ ಕಫ ಕಟ್ಟಿ ಆಸ್ಪತ್ರೆ ಸೇರಿದ, ಆರನೇ ದಿನ ಹೋದ.

ಕಳೆದ ವಾರ ಆಕೆ ನನ್ನನ್ನು ಕರೆಸಿ, ನಾನಂತೂ ಹೋಗಲಿಲ್ಲ, ನೀವು ಹೋದವರು, ಬೆರಳು ಹಿಡಿದು ಒಂದು ಸಲ ಕರೆದುಕೊಂಡು ಹೋಗಿ ಅಂದಳು. ಮೇಜಿನ ಮೇಲೆ ನಕ್ಷೆ ಹಾಸಿದ್ದಳು. ಸೂಜಿ ಚುಚ್ಚಿ ಒರಟಾದ ಆ ಬೆರಳನ್ನು ಬಸ್ಸಿನ ನಿಲ್ದಾಣದಿಂದ ಹಿಡಿದು ನಡೆಸಿದೆ. ಹನ್ನೊಂದು ನೀಲಿ ಸೊನ್ನೆಗಳನ್ನೂ ಮುಟ್ಟಿಸಿದೆ. ಕೊನೆಯದನ್ನು ದಾಟಿದ ಮೇಲೆ ಬೆರಳು ತಾನಾಗಿ ನಿಂತಿತು.

"ಇಲ್ಲಿ ಒರಟು ಸಿಗ್ತಿದೆಯಲ್ಲಣ್ಣ" ಅಂದಳು.

ಹಾಳೆ ಎತ್ತಿ ಕಿಟಕಿಗೆ ಹಿಡಿದೆವು. ಕಂಪನಿಯ ಗಡಿಯಿಂದ ಸಾಕಷ್ಟು ಆಚೆ, ಹೆಸರಿಲ್ಲದ ಒಂದು ಕೊರಕಲಿನ ತುದಿಯಲ್ಲಿ ಬೆಳಕಿನ ಒಂದು ಚುಕ್ಕೆ. ಹನ್ನೆರಡನೆಯದು. ಬರೆದಿದ್ದ, ಆಮೇಲೆ ಹೆರೆದಿದ್ದ. ಅಷ್ಟೆಲ್ಲ ಆದಮೇಲೂ ಅದೇ ಕೆಲಸ ಮಾಡಿದ್ದ ಮುದುಕ.

ನನಗೆ ಮೊದಲು ಬಂದದ್ದು ಸಿಟ್ಟು. ಕಂಪನಿ ನಾಳೆ ಅಲ್ಲಿಗೂ ಬರುತ್ತದೆ, ಆಗ ಮತ್ತೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಈಗಲೇ ಬರೆದು ದಾಖಲೆಗೆ ಹಾಕಿಸೋಣ ಅಂದೆ. ಆಕೆಗೆ ಅರ್ಥವಾಯಿತು. ನೀಲಿ ಶಾಯಿಯ ಪೆನ್ನು ಅಲ್ಲೇ ಡಬ್ಬಿಯಲ್ಲಿ, ಕತ್ತರಿಗಳ ಮಧ್ಯೆ ನಿಂತಿತ್ತು. ಆಕೆ ಪೆನ್ನನ್ನೂ ನೋಡಿದಳು, ಚುಕ್ಕೆಯನ್ನೂ ನೋಡಿದಳು.

"ಬರೆದ ಒಂದು ಹೋಯ್ತು. ಬರೆಯದ ಹನ್ನೊಂದು ಹೋಯ್ತು" ಅಂದಳು. "ಯಾವುದು ಸರಿ ಅಂತ ಅವರಿಗೇ ಕೊನೆವರೆಗೂ ತಿಳೀಲಿಲ್ಲ. ನಂಗೇನು ತಿಳಿಯುತ್ತೆ?"

ನನಗೂ ಗೊತ್ತಿರಲಿಲ್ಲ. ಆಕೆ ಹಾಳೆಯನ್ನು ಸುರುಳಿ ಸುತ್ತಿ, ಅಂಗಿಯ ಕಾಲರಿಗೆ ಇಡುವ ಪಟ್ಟಿಯಿಂದ ಕಟ್ಟಿ, ಮಿಷನ್ನಿನ ಹಿಂದೆ ಗೋಡೆಗೆ ಒರಗಿಸಿದಳು. ಆಮೇಲೆ ಅರ್ಧ ಹೊಲಿದಿದ್ದ ಅಂಗಿ ಎತ್ತಿಕೊಂಡು, ತಲೆ ಎತ್ತದೆ, ಒಂದು ಮಾತು ಕೇಳಿದಳು.

"ಅವಳೊಬ್ಬಳಾದ್ರೂ ಚೆನ್ನಾಗಿದಾಳಾ?"

ಇದ್ದಾಳೆ ಅಕ್ಕ, ಅಂದೆ. ಆ ಹನ್ನೆರಡನೆಯದನ್ನು ನಾನು ನೋಡಿಲ್ಲ.