ಚೌಕದಲ್ಲಿ ತೂಗಿದ ಭಾವಿ ಡಾಕ್ಟರ್

ಹತ್ತನೆಯ ಫಲಿತಾಂಶ ಬಂದ ಎರಡು ದಿನಕ್ಕೆ ಮರಾಠಿ ಸೀಮೆಯ ನಮ್ಮ ಉಮರ್ಗಾದ ಚೌಕದಲ್ಲಿ ನನ್ನ ಮುಖ ತೂಗುತ್ತಿತ್ತು. ಫ್ಲೆಕ್ಸಿನ ತುಂಬ ದೊಡ್ಡಪ್ಪನವರೇ. ತಲೆಗೆ ರುಮಾಲು, ಹಣೆಗೆ ವಿಭೂತಿ, ಊರಿಗೆಲ್ಲ ಕೈಮುಗಿದ ಭಂಗಿ. ಕೆಳಗಿನ ಮೂಲೆಯಲ್ಲಿ ನಾನು, ನನ್ನ ಕೆಳಗೆ ಮರಾಠಿಯಲ್ಲಿ ‘ಭಾವಿ ಡಾಕ್ಟರ್’. ಪರೀಕ್ಷೆ ಬರೆದವರು ಯಾರು ಎಂದು ದಾರಿಹೋಕರು ಗೊಂದಲಕ್ಕೆ ಬಿದ್ದಿರಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಮನೆಯವರಿಗೆ ಹೊಸದೇನಲ್ಲ.

ನನಗೆ ಬೇಕಾಗಿದ್ದದ್ದು ಗಣಿತ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ಹಿಂದಕ್ಕೆ ಹೋಗಿ ಹುಡುಕಬಹುದು. ನಮ್ಮ ಮನೆಯಲ್ಲಿ ಆ ಸೌಲಭ್ಯ ಇರಲಿಲ್ಲ; ಅಲ್ಲಿ ತಪ್ಪೆಲ್ಲ ಯಾವಾಗಲೂ ಚಿಕ್ಕವರದೇ.

“ನಾ ಗಣಿತ ತಗೋತೀನ್ರಿ, ದೊಡ್ಡಪ್ಪಾ” ಅಂದೆ.

“ಬೋರ್ಡ್ ಹಚ್ಚೀವಲ್ಲ! ಈಗ ಗಣಿತ ಅಂದ್ರ ಮಂದಿ ನಗ್ತಾರ. ಲೋಕ ಕಾಯ್ ಮ್ಹಣತೀಲ್?” ಎಂದರು. ಮಂದಿ ಏನಂದಾರು ಎನ್ನುವಾಗ ಅವರಿಗೆ ಕನ್ನಡ ಸಾಲುವುದಿಲ್ಲ, ಮರಾಠಿ ಬೇಕು.

ಅವ್ವ ಬಾಗಿಲ ಮರೆಯಿಂದ, “ಒಂದ್ ಸಲಾ ಆಕಿನ್ನ ಕೇಳ್ರಿ” ಅಂದಳು.

“ಆಕಿಗೇನ್ ತಿಳೀತದ?” ಎಂದರು ದೊಡ್ಡಪ್ಪ.

ನನಗೇನೂ ತಿಳಿಯದು ಸರಿ, ಆದರೆ ನಾಳೆ ಊರವರ ಹೊಟ್ಟೆ ಕೊಯ್ಯಲು ನಾನೇ ಬೇಕು! ಅಪ್ಪನ ಕಡೆ ನೋಡಿದೆ. ಅಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. ಅಣ್ಣನ ಎದುರು ಅವನ ಬಾಯಿ ತೆರೆಯುವುದು ಅಡಿಕೆ ಹಾಕಿಕೊಳ್ಳಲು ಮಾತ್ರ. ಅವತ್ತು ಅವನನ್ನು ಕಂಡು ನನಗೆ ನಾಚಿಕೆಯಾಯಿತು.

ಹೀಗೆ ಒಂದು ಫ್ಲೆಕ್ಸಿನ ಮರ್ಯಾದೆ ಉಳಿಸಲು ನನ್ನ ಗಣಿತ ಹೋಯಿತು, ಜೀವಶಾಸ್ತ್ರ ಬಂತು. ನಮ್ಮ ಕಡೆ ಲೆಕ್ಕಾಚಾರ ಬಲು ಸರಳ. ಹೆಚ್ಚು ಅಂಕ ಬಂದವರು ಡಾಕ್ಟರ್, ಸ್ವಲ್ಪ ಕಡಿಮೆಯಾದರೆ ಇಂಜಿನಿಯರ್. ಆರ್ಟ್ಸ್ ಎಂದರೆ ಪೊಲೀಸ್ ಭರ್ತಿಗೆ ಓಡುವ ಗಂಡುಮಕ್ಕಳಿಗೆ, ವರನಿಗೆ ಕಾಯುವ ಹೆಣ್ಣುಮಕ್ಕಳಿಗೆ. ಯಾರಿಗೆ ಯಾವುದು ಇಷ್ಟ ಎನ್ನುವ ಪ್ರಶ್ನೆ ಯಾರ ಬಾಯಲ್ಲೂ ಕೇಳಿದ್ದಿಲ್ಲ.

ಆಮೇಲಿನ ಏರ್ಪಾಡು ಇನ್ನೂ ಚಂದ. ಹಾಜರಿ ಕೇಳದ ಕಾಲೇಜು ನಿಲಂಗಾದಲ್ಲಿ ಸಿಕ್ಕಿತು, ಅಲ್ಲಿ ನನ್ನ ಹೆಸರು ಹಚ್ಚಿದರು. ನನ್ನನ್ನು ಮಾತ್ರ ಉದಗೀರಕ್ಕೆ ಕಳಿಸಿ ಮೆಡಿಕಲ್ ಪ್ರವೇಶ ಪರೀಕ್ಷೆಯ ಕೋಚಿಂಗ್ ಕ್ಲಾಸಿಗೆ ಹಾಕಿದರು. ಎರಡು ವರ್ಷ ನನ್ನ ಹೆಸರು ನಿಲಂಗಾದಲ್ಲಿ ಕಲಿಯಿತು, ನಾನು ಉದಗೀರದಲ್ಲಿ ಬಾಯಿಪಾಠ ಮಾಡಿದೆ. ಕ್ಲಾಸಿನ ಸರ್ ಪ್ರಶ್ನೆ ಕೇಳಿದವರನ್ನು ‘ಟೈಮ್‌ಪಾಸ್’ ಎಂದು ಕರೆಯುತ್ತಿದ್ದರು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ನನಗೆ ಈಗಲೂ ನಿದ್ದೆಯಲ್ಲಿ ಹೇಳಲು ಬರುತ್ತದೆ, ಅದರಿಂದ ಕಪ್ಪೆಗೂ ನನಗೂ ಏನೂ ಉಪಯೋಗವಾಗಿಲ್ಲ.

ಹನ್ನೆರಡನೆಯದು ಪಾಸಾದೆ. ಮೆಡಿಕಲ್ ಸೀಟು ಸಿಗಲಿಲ್ಲ. ಹತ್ತಿರಕ್ಕೂ ಹೋಗಿರಲಿಲ್ಲ.

ಮೊದಲ ಮಳೆಯ ಮೋಡ ಕಟ್ಟಿದ ದಿನ, ಹಿತ್ತಲಿನ ಜೋಳದ ಕಣಿಕೆಯ ಬಣವೆಗೆ ಹೊದಿಸಲು ದೊಡ್ಡಪ್ಪ ಅಟ್ಟದಿಂದ ಅದೇ ಫ್ಲೆಕ್ಸ್ ತೆಗೆಸಿದರು. ಬಣವೆ ಹತ್ತಿ ಅದನ್ನು ಹರಡಿದವಳು ನಾನೇ. ಕೆಳಗೆ ನಿಂತು ಅವರು ಅಂದರು: “ಈ ವರ್ಷ ಮತ್ತ ಉದಗೀರಕ್ಕ ಹೋಗು. ಸೀಟ್ ಸಿಗ್ಲಿ, ಇದಕ್ಕಿಂತ ದೊಡ್ಡ ಬೋರ್ಡ್ ಹಚ್ಚಸ್ತೀನಿ.”

“ಹಚ್ಚಸ್ರಿ. ಖರೆ ಈ ಸಲ ಭಾವಿ ಡಾಕ್ಟರ್ ಅಂತ ನಿಮ್ಮ ಫೋಟೋದ ಕೆಳಗ ಬರಸ್ರಿ. ಪರೀಕ್ಷಾನೂ ನೀವೇ ಕೊಡ್ರಿ. ನಾ ಬಾರಾವೀ ಗಣಿತ ಬರೀತೀನಿ.”

ದೊಡ್ಡಪ್ಪ ಪಕ್ಕದಲ್ಲಿದ್ದ ಅಪ್ಪನನ್ನು ದುರುಗುಟ್ಟಿ ನೋಡಿದರು. ಅಪ್ಪ ಫ್ಲೆಕ್ಸ್ ಹಾರದಂತೆ ಹೇರಲು ಕಲ್ಲು ಎತ್ತಿಕೊಟ್ಟ. ಒಂದನ್ನು ದೊಡ್ಡಪ್ಪನ ರುಮಾಲಿನ ಮೇಲಿಟ್ಟೆ, ಇನ್ನೊಂದನ್ನು ನನ್ನ ಮುಖದ ಮೇಲೆ.

ಹನ್ನೆರಡನೆಯದರ ಗಣಿತವೊಂದನ್ನೇ ಬರೆಯಲು ಏನು ಮಾಡಬೇಕೆಂದು ಕೇಳಲು ಮರುದಿನ ಬೆಳಿಗ್ಗೆ ನಿಲಂಗಾಕ್ಕೆ ಹೊರಟೆ. ನನ್ನ ಹೆಸರೂ ನಾನೂ ಒಂದೇ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು.