ಕಬ್ಬಿಣದ ಬೇಲಿಗೊಂದು ಬಾಗಿಲು

ನನ್ನ ತಂಗಿಯ ಗಂಡನನ್ನು ಊರೆಲ್ಲ ‘ಕಿಡಿ’ ಅಂತಲೇ ಕರೆಯುವುದು. ವೆಲ್ಡಿಂಗ್ ಕೆಲಸ, ಮಾತೂ ಹಾಗೇ, ತಾಗಿದರೆ ಸುಡುತ್ತದೆ. ದೊಡ್ಡ ರಸ್ತೆ ಬಂದಾಗ ಅದರ ನಡುವೆ ಎದೆಮಟ್ಟದ ಕಬ್ಬಿಣದ ಬೇಲಿ ಬೆಸೆದವನೂ ಅವನೇ. ರಸ್ತೆಯಿಂದ ಕಾರ್ಖಾನೆ ಬಂತು, ಅಂಗಡಿ ಬಂತು, ನನ್ನ ಸೈಕಲ್ ಶಾಪಿಗೂ ಗಿರಾಕಿ ಬಂದರು, ಸುಳ್ಳು ಹೇಳಲಾರೆ. ಆದರೆ ನಮ್ಮ ಓಣಿಯ ಎದುರಿಗೇ ಇದ್ದ ಸರ್ಕಾರಿ ಆಸ್ಪತ್ರೆ ಬೇಲಿಯಾಚೆ ಉಳಿಯಿತು. ಕಾರಿದ್ದವರಿಗೆ ಹತ್ತಿರವಾಯಿತು, ಬರೀ ಕಾಲಿದ್ದವರಿಗೆ ದೂರವಾಯಿತು.

ತಂಗಿಗೆ ಉಬ್ಬಸ. ಲಾರಿಗಳ ಧೂಳಿಗೆ ಅದು ವಿಪರೀತವಾಗಿತ್ತು. ಒಂದು ಮಧ್ಯಾಹ್ನ ಉಸಿರು ಕಟ್ಟಿ ತುಟಿ ನೀಲಿಯಾಯಿತು. ಆಸ್ಪತ್ರೆಯ ಬಾಗಿಲು ಕಣ್ಣೆದುರೇ ಕಾಣುತ್ತಿದೆ, ನಾವು ಮಾತ್ರ ಆಟೋದಲ್ಲಿ, ರಸ್ತೆ ದಾಟಲು ಊರಾಚೆ ಕಟ್ಟಿದ ಸೇತುವೆ ಸುತ್ತಿ ಹೋಗಬೇಕು! ಬದುಕಿದಳು ಅನ್ನಿ, ಕೂದಲೆಳೆಯಲ್ಲಿ.

ಮರುದಿನ ಬೆಳಿಗ್ಗೆ ಕಿಡಿ ನನ್ನ ಅಂಗಡಿಯಿಂದ ವೈರು ಎಳೆದು, ಎಲ್ಲರೂ ನೋಡುತ್ತಿದ್ದಂತೆ ಬೇಲಿ ಕತ್ತರಿಸಿದ. ಕತ್ತರಿಸಿ ಹಾಗೇ ಬಿಟ್ಟುಬರುವ ಆಸಾಮಿಯಲ್ಲ. ಕೀಲು ಹಾಕಿ, ಚಿಲಕ ಕೂರಿಸಿ, ಬಣ್ಣ ಬಳಿದು ಚೊಕ್ಕ ಬಾಗಿಲನ್ನೇ ಮಾಡಿದ.

ರಸ್ತೆಯ ಎಂಜಿನಿಯರು ಜೀಪಿನಲ್ಲಿ ಬಂದರು.

“ಯಾರಯ್ಯಾ ಇದನ್ನ ಕತ್ತರಿಸಿದ್ದು?”

“ಬೆಸೆದವನೇ, ಸಾರ್,” ಅಂದ ಕಿಡಿ.

“ಈಗ್ಲೇ ಮುಚ್ಚು.”

“ನೀವು ಮೂಗು ಬಾಯಿ ಮುಚ್ಕೊಂಡು, ಸೇತುವೆ ಸುತ್ತಿ ಆ ಆಸ್ಪತ್ರೆಗೆ ಹೋಗಿ ಬನ್ನಿ. ಬಂದ್ಮೇಲೆ ಮುಚ್ತೀನಿ.”

ಅವರು ಬೇರೆ ಊರಿನ ವೆಲ್ಡರನ್ನು ಕರೆತಂದರು. ಅಷ್ಟರಲ್ಲಿ ತಂಗಿ ಕುರ್ಚಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು.

“ಬೆಸೆಯಣ್ಣಾ, ನನ್ನನ್ನೂ ಸೇರಿಸಿ ಬೆಸೆ. ಗಟ್ಟಿಯಾಗಿರ್ಲಿ.”

ಆ ಮನುಷ್ಯ ತಲೆ ತಗ್ಗಿಸಿ, ವೈರಿನ ತುದಿ ಹಿಡಿದು ಕರೆಂಟು ಕೇಳಲು ಹೊರಟ. “ಕರೆಂಟಿಲ್ಲಪ್ಪ,” ಅಂದಳು ಟೈಲರಮ್ಮ, ಉರಿಯುವ ದೀಪದ ಕೆಳಗೆ ಕೂತು. ಹಿಟ್ಟಿನ ಗಿರಣಿಯವನಂತೂ ಗಿರಣಿಯ ಸದ್ದಿಗಿಂತ ಜೋರಾಗಿ ಕೂಗಬೇಕಾಯಿತು: “ಕರೆಂಟಿಲ್ಲಾ!” ಕೊನೆಗೆ ಎಂಜಿನಿಯರೇ ನನ್ನಲ್ಲಿಗೆ ಬಂದರು.

“ಯಜಮಾನ್ರೇ, ನೀವಾದ್ರೂ ಕೊಡಿ.”

“ಕರೆಂಟಿಲ್ಲ ಸ್ವಾಮಿ.”

“ತಲೆ ಮೇಲೆ ಫ್ಯಾನ್ ತಿರುಗ್ತಿದೆಯಲ್ರೀ!”

“ಅದು ಗಾಳಿಗೆ ತಿರುಗೋದು.”

“ನಾಳೆ ಜನರೇಟರ್ ತರ್ತೀನಿ, ನೋಡ್ಕೋತೀನಿ ನಿಮ್ಮನ್ನ,” ಅಂತ ಜೀಪು ಹತ್ತಿದರು.

ತರಲಿ. ಸಂಜೆ ತಂಗಿಗೆ ಮತ್ತೆ ಉಬ್ಬಸ ಎದ್ದಿತು. ಕಿಡಿ ಕೆಂಪು ಬಟ್ಟೆ ಬೀಸಿ ಲಾರಿಗಳನ್ನು ನಿಲ್ಲಿಸಿದ. ಅವಳು ಬಾಗಿಲು ದಾಟಿ ನಡೆದೇ ಹೋಗಿ, ಆಕ್ಸಿಜನ್ ಹಾಕಿಸಿಕೊಂಡು ನಡೆದೇ ಬಂದಳು. ಬಂದವಳು ಮನೆಗೆ ಹೋಗಲಿಲ್ಲ. ಕುರ್ಚಿ ಸರಿಮಾಡಿಕೊಂಡು ಮತ್ತೆ ಬಾಗಿಲಲ್ಲೇ ಕೂತಳು. ಪಕ್ಕದಲ್ಲಿ ನಾನೂ ಒಂದು ಸ್ಟೂಲು ಹಾಕಿಕೊಂಡಿದ್ದೇನೆ.