ಗೆರೆ ದಾಟದ ಚೆಂಡು

ಆ ಪಂಪ್‌ಹೌಸಿನಲ್ಲಿ ಗದ್ದಲ ಮಾಡುವ ಮೋಟಾರುಗಳು ಒಟ್ಟು ನಾಲ್ಕು. ಮೂರು ಕಬ್ಬಿಣದವು, ಗುಂಡಿ ಒತ್ತಿದರೆ ನಿಲ್ಲುತ್ತವೆ. ನಾಲ್ಕನೆಯವನ ಹೆಸರು ಕುಕ್ಕರ್. ಅವನನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಹೆತ್ತ ತಾಯಿಗೂ ಕೊನೆಯವರೆಗೆ ತಿಳಿಯಲಿಲ್ಲ. ಹುಟ್ಟಿದಾಗ ಬೇರೆ ಮಕ್ಕಳಂತೆ ಅಳಲಿಲ್ಲವಂತೆ, ತಡ ಮಾಡಿದ್ದಕ್ಕೆ ನರ್ಸಿಗೆ ಬೈದನಂತೆ. ಊರಿಗೆ ನೀರು ಬಿಡುವ ಆಪರೇಟರ್ ಕೆಲಸ ಅವನದು. ವರ್ಷಗಟ್ಟಲೆ ಸೋರುತ್ತಿದ್ದ ಒಂದು ವಾಲ್ವು ಅವನ ಬೈಗುಳ ಕೇಳಿ, ಹೆದರಿ, ಸೋರುವುದನ್ನೇ ಬಿಟ್ಟಿತು ಎಂದು ಜೊತೆಯ ಫಿಟ್ಟರ್ ಆಣೆಯಿಟ್ಟು ಹೇಳುತ್ತಾನೆ. ಫಿಟ್ಟರನ ಆಣೆಯನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ವಾಲ್ವು ಸೋರುತ್ತಿಲ್ಲ ಎನ್ನುವುದಂತೂ ನಿಜ.

ಆ ವಾರ ಕುಕ್ಕರ್ ಕುದಿಯುತ್ತಿದ್ದದ್ದು ಮಗಳ ವಿಷಯಕ್ಕೆ. ಕಾಲೇಜಿಗೆ ಹೋಗುವ ಹುಡುಗಿ, ಊರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹಿಂದಿನ ಭಾನುವಾರದ ಪಂದ್ಯದ ಕೊನೆಯ ಗಳಿಗೆಯಲ್ಲಿ ಅವಳು ಹಾರಿ ಹಿಡಿದ ಚೆಂಡು ಗೋಲಿನ ಗೆರೆ ದಾಟಿದೆ ಎಂದು ರೆಫರಿ ಸೀಟಿ ಊದಿಬಿಟ್ಟ. ಇವಳು ಓಡಿಹೋಗಿ ಅವನ ಮೂಗಿನ ಮುಂದೆ ಬೆರಳಾಡಿಸಿ, ಬಾಯಿಗೆ ಬಂದದ್ದು ಅಂದು, ಕೈಗವಸು ಬಿಚ್ಚಿ ಅವನ ಕಾಲಬುಡಕ್ಕೆ ಎಸೆದಳು. ಕೆಂಪು ಕಾರ್ಡು ಬಂತು, ಪಂದ್ಯ ಹೋಯಿತು, ತಂಡದಿಂದ ಅವಳೂ ಹೊರಗಾದಳು. ಅವಳನ್ನು ಮತ್ತೆ ಆಡಿಸಬೇಕೋ ಬೇಡವೋ ಎನ್ನುವ ವಿಚಾರಣೆ ವಾರದ ಕೊನೆಗೆ, ಫುಟ್‌ಬಾಲ್ ಸಂಘದ ಕಚೇರಿಯಲ್ಲಿ.

"ಅಪ್ಪ, ಚೆಂಡು ಗೆರೆ ದಾಟಿರ್ಲಿಲ್ಲ" ಎಂದು ಅವಳು ಅಂದೇ ಫೋನಿನಲ್ಲಿ ಬಿಕ್ಕಿದ್ದಳು.

ಕುಕ್ಕರಿಗೆ ಅಷ್ಟು ಸಾಕಾಯಿತು. ತಕ್ಷಣ ಸಂಘದ ಕಾರ್ಯದರ್ಶಿಗೆ ಫೋನು ಮಾಡಿ, "ನಿಮ್ಮ ರೆಫರಿಗೆ ಕಣ್ಣಿರೋದು ಕನ್ನಡಕ ಹಾಕೋಕಾ, ನೋಡೋಕಾ?" ಎಂದು ಶುರುಮಾಡಿದವನು, ರೆಫರಿಯ ಏಳು ತಲೆಮಾರನ್ನು ಸಾಲಾಗಿ ನಿಲ್ಲಿಸಿ ನೀರಿಳಿಸಿ, ಎಂಟನೆಯದು ಇನ್ನೂ ಹುಟ್ಟಿಲ್ಲವೆಂದು ಬಿಟ್ಟಿದ್ದ. ಆಮೇಲೂ ಉರಿ ಆರಲಿಲ್ಲ. ವಾಲ್ವು ತಿರುಗಿಸುವಾಗ, ಗೇಜು ನೋಡುವಾಗ, ಬುತ್ತಿ ಬಿಚ್ಚುವಾಗಲೂ ಅದೇ ರಾಗ: "ಗೆರೆ ದಾಟಿಲ್ಲ ಕಣಯ್ಯಾ! ಕೂದಲೆಳೆಯಷ್ಟೂ ದಾಟಿಲ್ಲ!"

ಕೇಳಿ ಕೇಳಿ ಕಿವಿ ತೂತಾದ ಫಿಟ್ಟರ್ ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಸ್ಪ್ಯಾನರ್ ಒರೆಸುತ್ತಾ ಮೆಲ್ಲಗೆ ಕೇಳಿದ, "ಅಲ್ಲ ಗುರುವೇ, ನೀನು ಆ ಮ್ಯಾಚ್ ನೋಡಿದ್ಯಾ?"

"ನಾನಿಲ್ಲಿ ಡ್ಯೂಟಿಲಿದ್ದೆ. ಹೆಂಗೆ ನೋಡ್ಲಿ?"

"ಊರ ಕೇಬಲ್ ಟಿವಿಲಿ ಬಂದಿದ್ದು ಮನೇಲಿ ರೆಕಾರ್ಡ್ ಆಗಿದೆ ಅಂದ್ಯಲ್ಲ. ಫೋನಲ್ಲೇ ಬರುತ್ತೆ ಅಂತ ಮೊನ್ನೆವರೆಗೂ ಜಂಬ ಕೊಚ್ಚಿದ್ಯಲ್ಲ."

"ನನ್ನ ಮಗಳು ಹೇಳಿದ್ಮೇಲೆ ನಾನು ನೋಡೋದೇನಿದೆ?"

"ನೋಡ್ಬೇಡ ಬಿಡು. ನಾಳೆ ಅವರು ಕೇಳಿದ್ರೆ ನನ್ನ ಕೋಪಾನೇ ಸಾಕ್ಷಿ ಅಂತ ಹೇಳು."

ಮಾತು ನಾಟಿತು. ಜಂಬದ ವಿಷಯವೂ ಸುಳ್ಳಲ್ಲ. ವಾರಗಟ್ಟಲೆ ಪಂಪ್‌ಹೌಸಿನಲ್ಲೇ ಬೀಡುಬಿಡುವ ಮನುಷ್ಯ, ಮನೆಯ ಟಿವಿಯ ಕೆಳಗೆ ಒಂದು ಪೆಟ್ಟಿಗೆ ಇಡಿಸಿದ್ದ. ಬೇಕಾದ ಕಾರ್ಯಕ್ರಮಗಳನ್ನು ಅದು ತುಂಬಿಟ್ಟುಕೊಳ್ಳುತ್ತದೆ. ಇಂಟರ್ನೆಟ್ ಇದ್ದರೆ ಎಲ್ಲಿ ಕೂತರೂ ಫೋನಿನಲ್ಲಿ ತೆಗೆದು ನೋಡಬಹುದು. ಒಂದೇ ಒಂದು ತೊಡಕು. ಪೆಟ್ಟಿಗೆಗೆ ಇದ್ದದ್ದು ಒಂದೇ ಚಿತ್ರ. ಇವನು ಇಲ್ಲಿ ಫೋನಿನಲ್ಲಿ ಹಾಕಿದ್ದೇ ಅಲ್ಲಿ ಮನೆಯ ಟಿವಿಯಲ್ಲೂ ಓಡುತ್ತದೆ. ಅಲ್ಲಿ ಯಾರಾದರೂ ರಿಮೋಟ್ ಒತ್ತಿದರೆ ಇಲ್ಲಿ ಇವನ ಕೈಯಲ್ಲಿದ್ದದ್ದೂ ಮಾಯ. ಹೆಂಡತಿ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕನಿಗೂ ಇವನಿಗೂ ಈ ಪೆಟ್ಟಿಗೆಯ ದೆಸೆಯಿಂದ ಹಾವು ಮುಂಗುಸಿಯ ನಂಟು. ಅವಳ ಧಾರಾವಾಹಿಯ ಸೊಸೆ ವಿಷದ ಬಟ್ಟಲು ಎತ್ತುವ ಹೊತ್ತಿಗೆ ಸರಿಯಾಗಿ ಇವನು ಫೋನಿನಲ್ಲಿ ಕುಸ್ತಿ ಪಂದ್ಯ ಹಾಕುತ್ತಿದ್ದ. ಆ ಸೊಸೆ ವಿಷ ಕುಡಿದಳೋ ಇಲ್ಲವೋ ಎನ್ನುವುದು ಆ ಮನೆಯಲ್ಲಿ ಇಂದಿಗೂ ಗೊತ್ತಿಲ್ಲ.

ಕುಕ್ಕರ್ ಫೋನು ತೆಗೆದ. ಪಟ್ಟಿಯಲ್ಲಿ ಭಾನುವಾರದ ಪಂದ್ಯ ಇತ್ತು. ಒತ್ತಿದ. ಹಸಿರು ಮೈದಾನ ಬಂತು, ಗೋಲಿನ ಮುಂದೆ ಹಳದಿ ಅಂಗಿಯ ಮಗಳು ಕಂಡಳು. ಮಗಳು ಆಡುವುದನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. "ನೋಡಯ್ಯಾ, ನಿಂತಿರೋ ಗತ್ತು ನೋಡು" ಎಂದು ಫಿಟ್ಟರನ ಪಕ್ಕೆಗೆ ತಿವಿದ.

ತಿವಿದ ಕೈ ಹಿಂದೆ ಬರುವಷ್ಟರಲ್ಲಿ ಪಂದ್ಯ ನಿಂತುಹೋಯಿತು. ತನ್ನಷ್ಟಕ್ಕೆ ಪಟ್ಟಿ ತೆರೆಯಿತು. ನೀಲಿ ಚೌಕವೊಂದು ಮೆಲ್ಲಗೆ ಜಾರಿ ಜಾರಿ 'ಅಳಿಸು' ಎನ್ನುವಲ್ಲಿಗೆ ಹೋಗಿ ಕೂತಿತು. 'ಖಚಿತವೇ? ಹೌದು. ಇಲ್ಲ.'

"ಏಯ್!" ಎಂದ ಕುಕ್ಕರ್. ಮೂರೂ ಮೋಟಾರುಗಳು ಒಂದು ಕ್ಷಣ ಉಸಿರು ಹಿಡಿದವು. ಅವನು 'ಇಲ್ಲ' ಒತ್ತಿದ. ಪಟ್ಟಿ ಹೋಯಿತು. ಮತ್ತೆ ಬಂತು. ಚೌಕ 'ಹೌದು' ಕಡೆಗೆ ಹೊರಟಿತು, ಇವನು 'ಇಲ್ಲ' ಕಡೆಗೆ ಎಳೆದ. ಎತ್ತು ಏರಿಗೆ, ಕೋಣ ನೀರಿಗೆ. ಹೆಬ್ಬೆಟ್ಟಿನಿಂದ ಒತ್ತುತ್ತಲೇ ಫಿಟ್ಟರನ ಫೋನು ಕಿತ್ತುಕೊಂಡು ಅಕ್ಕನಿಗೆ ಕರೆ ಹಚ್ಚಿದ.

"ನಿನಗೇನು ಬಂದಿದೆ ದಾಡಿ? ನನ್ನ ಮಗಳ ಸಾಕ್ಷಿ ಅಳಿಸ್ತಿದ್ದೀಯಲ್ಲ, ನಿನ್ನ ಧಾರಾವಾಹಿಗೆ ಜಾಗ ಮಾಡೋಕೆ ನನ್ನ ಮಗಳ ಬಾಳೇ ಬೇಕಾಗಿತ್ತಾ? ಇಡು ರಿಮೋಟು ಕೆಳಗೆ!"

"ಯಾವ ರಿಮೋಟೋ ಮಂಕೇ?" ಅಕ್ಕನೂ ಅದೇ ಒಲೆಯ ಬೆಂಕಿ. "ಹಲ್ಲಿನ ಡಾಕ್ಟರ ಮುಂದೆ ಬಾಯಿ ತಕ್ಕೊಂಡು ಕೂತಿದ್ದೀನಿ! ಆ ಮನುಷ್ಯ ಇಕ್ಕಳ ಹಿಡ್ಕೊಂಡು ನಿಂತವ್ನೆ. ಹಲ್ಲು ಕಿತ್ತಾದ್ಮೇಲೆ ನಿನ್ನ ನಾಲಿಗೇನೂ ಕಿತ್ತುಕೊಡ್ತಾರಾ ಅಂತ ಕೇಳ್ಲಾ?"

ಕುಕ್ಕರ್ ಫೋನು ಕೆಳಗಿಟ್ಟ. ಮನೆಯಲ್ಲಿ ಮತ್ತಾರು? ಮಗಳು ಕಾಲೇಜಿನಲ್ಲಿರಬೇಕು. ಹಾಗಾದರೆ ಕಳ್ಳನೇ ಸರಿ. ಬಾಗಿಲು ಮುರಿದು ಬಂದು, ಬೇರೇನನ್ನೂ ಮುಟ್ಟದೆ, ಸೋಫಾದಲ್ಲಿ ಕೂತು ಫುಟ್‌ಬಾಲ್ ಅಳಿಸುವ ಕಳ್ಳ! ರೆಫರಿಯ ಕಡೆಯವನೇ ಇರಬೇಕು. ಈ ಯೋಚನೆಗೆ ಅವನ ಕಿವಿಗಳಿಂದ ಹೊಗೆ ಬಂತು. ಹೊಗೆಯನ್ನು ತಾನೇ ಕೈಯಿಂದ ಬೀಸಿ ಓಡಿಸಿದೆ ಎನ್ನುತ್ತಾನೆ ಫಿಟ್ಟರ್.

ಕಾರ್ಯಕ್ರಮದ ಹೆಸರು ಹುಡುಕಲು ಪಟ್ಟಿಯ ಮೇಲೊಂದು ಖಾಲಿ ಜಾಗವಿತ್ತು. ಕುಕ್ಕರ್ ಅದರಲ್ಲಿ ಟೈಪು ಮಾಡಿದ: 'ಯಾವನೋ ನೀನು'.

'ಈ ಹೆಸರಿನ ಕಾರ್ಯಕ್ರಮ ಸಿಗಲಿಲ್ಲ' ಎಂದಿತು ಪೆಟ್ಟಿಗೆ.

ಆಮೇಲೆ ಅದೇ ಜಾಗದಲ್ಲಿ, ಅತ್ತಲಿಂದ, ಒಂದೊಂದೇ ಅಕ್ಷರ ಮೂಡತೊಡಗಿತು. 'ನೋಡಬೇಡ ಅಪ್ಪ'.

'ಈ ಹೆಸರಿನ ಕಾರ್ಯಕ್ರಮ ಸಿಗಲಿಲ್ಲ.'

ಕುಕ್ಕರ್ ಫಿಟ್ಟರನ ಫೋನಿನಿಂದಲೇ ಮಗಳಿಗೆ ಕರೆ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಿದಳು.

"ಹುಚ್ಚು ಹಿಡಿದಿದ್ಯಾ ನಿನಗೆ? ನಾಳೆ ವಿಚಾರಣೆ! ನಿನ್ನನ್ನ ಉಳಿಸೋ ಸಾಕ್ಷಿ ಇದೊಂದೇ ತಾನೇ?"

"ಉಳಿಸಲ್ಲ ಅಪ್ಪ."

"ಯಾಕೆ ಉಳಿಸಲ್ಲ? ಗೆರೆ ದಾಟಿಲ್ಲ ಅಂತ..."

"ಹಾಕು. ಕೊನೇಲಿದೆ. ನಿಲ್ಲಿಸಿ ನಿಲ್ಲಿಸಿ ನೋಡು."

ಅವನು ಕೊನೆಗೆ ಓಡಿಸಿದ. ಅಲ್ಲಿ ಮನೆಯಲ್ಲಿ ಅವಳು, ಇಲ್ಲಿ ಪಂಪ್‌ಹೌಸಿನಲ್ಲಿ ಅವನು, ಒಂದೇ ಚಿತ್ರದ ಮುಂದೆ ಕೂತರು. ಚೆಂಡು ಹಾರಿ ಬಂತು. ಹಳದಿ ಅಂಗಿ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿತು. ಎರಡು ಕೈ ಚೆಂಡನ್ನು ಅಪ್ಪಿದವು. ಅವನು ನಿಲ್ಲಿಸಿದ.

ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಾಣುತ್ತಿತ್ತು, ಆದರೆ ಅದು ಗೆರೆಯ ಆಚೆ ಬದಿಯ ಹುಲ್ಲು. ಚೆಂಡು ಪೂರಾ ಗೋಲಿನೊಳಗಿತ್ತು.

ಹಿಂದಕ್ಕೆ ಓಡಿಸಿದ. ಮುಂದಕ್ಕೆ ಓಡಿಸಿದ. ಫೋನನ್ನು ಓರೆ ಹಿಡಿದ, ತಲೆಕೆಳಗೆ ಹಿಡಿದ, ಅಂಗಿಯ ತುದಿಯಿಂದ ಒರೆಸಿದ. ಚೆಂಡು ಹಟಮಾರಿ, ಆಚೆಯೇ ಕೂತಿತ್ತು. ಕೊಂಕು ಮಾತಿನ ಫಿಟ್ಟರನೂ ಎದ್ದುಹೋಗಿ, ಬಿಗಿಯಾಗಿಯೇ ಇದ್ದ ನಟ್ಟೊಂದನ್ನು ಬಿಗಿಯತೊಡಗಿದ.

ಕುಕ್ಕರ್ ಮುಂದಿನದನ್ನೂ ನೋಡಿದ. ಮಗಳು ಓಡಿಹೋಗುವುದು, ಬೆರಳು ಆಡಿಸುವುದು, ಕತ್ತಿನ ನರ ಉಬ್ಬುವುದು. ಆ ಬೆರಳು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ಅವನ ಕೈಯಲ್ಲೇ ಇರುವಂಥದ್ದು.

"ಯಾವಾಗ ನೋಡ್ದೆ ಇದನ್ನ?"

"ಮೊನ್ನೆ. ಅಷ್ಟೊತ್ತಿಗೆ ನೀನು ಆ ಸಂಘದವರಿಗೆಲ್ಲಾ ಬೈದಾಗಿತ್ತು. ಹೆಂಗೆ ಹೇಳ್ಲಿ? ಅಳಿಸೋಣ ಅಂದ್ರೆ ನಾನು ಟಿವಿಲಿ ಬಂದಿರೋದು ಅದೊಂದೇ ಸಲ, ಕೈ ಬರ್ಲಿಲ್ಲ. ಇವತ್ತು ಮನಸ್ಸು ಗಟ್ಟಿ ಮಾಡ್ಕೊಂಡು ಕಾಲೇಜಿಂದ ಬೇಗ ಬಂದೆ. ಟಿವಿ ಮುಂದೆ ಕೂತ್ರೆ ನೀನೇ ಮ್ಯಾಚ್ ಹಾಕಿದ್ದೀಯ!" ಅವಳ ದನಿ ಏರಿತು. "ನನಗೆ ಹಿಡಿಯೋವಾಗ ನಿಜಕ್ಕೂ ದಾಟಿಲ್ಲ ಅನ್ನಿಸ್ತು ಅಪ್ಪ. ಸುಳ್ಳು ಹೇಳಿಲ್ಲ."

"ಗೊತ್ತು!" ಎಂದು ಗುಡುಗಿದ. ಸಿಟ್ಟು ಈಗಲೂ ಕುದಿಯುತ್ತಲೇ ಇತ್ತು, ಆದರೆ ಯಾರ ಮೇಲೆ ಸುರಿಯಬೇಕೆಂದು ತೋಚಲಿಲ್ಲ. ರೆಫರಿ ಕೈಗೆ ಸಿಗದಂತೆ ಜಾರಿದ್ದ. ಅಕ್ಕನ ಹಲ್ಲು ಹೋಗಿಯಾಗಿತ್ತು. ಚೆಂಡಿಗೆ ಬೈದು ನೋಡಿದ, ರುಚಿಸಲಿಲ್ಲ.

"ಅಳಿಸ್ಲಾ?" ಎಂದಳು ಮಗಳು. "ಕೇಬಲ್‌ನವರೂ ಇಟ್ಕೊಂಡಿಲ್ಲ, ಬೇರೆ ಯಾರ ಹತ್ರಾನೂ ಇಲ್ಲ. ಇದು ಹೋದ್ರೆ ದಾಟಿಲ್ಲ ಅಂತ ವಾದ ಮಾಡಬಹುದು."

ನೀಲಿ ಚೌಕ 'ಹೌದು' ಮೇಲೆ ಬಂದು ಕಾದಿತ್ತು. ಕುಕ್ಕರ್ ಅದನ್ನು ಬಹಳ ಹೊತ್ತು ದುರುಗುಟ್ಟಿ ನೋಡಿದ.

"ಮುಟ್ಟಿದ್ರೆ ನೋಡು!" ಎಂದ ಕೊನೆಗೆ. "ನಾಳೆ ಹೋಗಿ ತಪ್ಪಾಯ್ತು ಅನ್ನು."

"ನೀನೂ ಬರ್ತೀಯಾ ತಾನೇ?"

"ನಾನ್ಯಾಕೆ? ಆಡಿದ್ದು ನೀನು."

"ಬೈದಿದ್ದು?"

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ಕುಕ್ಕರ್ ಕೊಯ್ದ ಮೂಗುಗಳನ್ನು ಪೇರಿಸಿದ್ದರೆ ಪಂಪ್‌ಹೌಸಿನ ಮಾಳಿಗೆ ಮುಟ್ಟುತ್ತಿತ್ತು. ಒಂದನ್ನಾದರೂ ಹಿಂದಕ್ಕೆ ಅಂಟಿಸಲು ಹೋದ ದಾಖಲೆಯಿಲ್ಲ.

ಮರುದಿನ ಡ್ಯೂಟಿ ಮುಗಿಸಿ, ಬೂಟಿನ ಕೆಸರಿನಲ್ಲೇ ಸಂಘದ ಕಚೇರಿಗೆ ಹೋದ. ಉದ್ದನೆಯ ಮೇಜು, ತಿರುಗದ ಫ್ಯಾನು, ಆಚೆ ಕಾರ್ಯದರ್ಶಿ, ಪಕ್ಕದಲ್ಲಿ ಕಡ್ಡಿಯಂಥ ರೆಫರಿ. ಮಗಳು ಎದ್ದುನಿಂತು, "ಚೆಂಡು ಒಳಗಿತ್ತು ಸರ್. ನಾನು ಹಾಗೆ ಮಾತಾಡಬಾರದಿತ್ತು. ಕ್ಷಮಿಸಿ" ಎಂದು ನೇರವಾಗಿ ಹೇಳಿ ಕೂತಳು.

ಎಲ್ಲರೂ ಕುಕ್ಕರನ ಕಡೆ ತಿರುಗಿದರು. ಅವನು ಎದ್ದ. ಗಂಟಲು ಕೆರೆದ. ಮುಖ ಕೆಂಪಗಾಯಿತು, ಕತ್ತಿನ ನರ ಉಬ್ಬಿತು. ಬೆರಳು ತಾನಾಗಿ ಮೇಲೆದ್ದದ್ದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ.

"ಕ್ಷಮಿಸಿ!" ಎಂದ.

ಕಿಟಕಿಯ ಗಾಜು ಅದುರಿತು. ರೆಫರಿ ಕುರ್ಚಿ ಸಮೇತ ಹಿಂದಕ್ಕೆ ಸರಿದ.

"ಇದು ಕ್ಷಮೆನಾ, ಎರಡನೇ ಜಗಳನಾ?" ಎಂದರು ಕಾರ್ಯದರ್ಶಿ.

"ಕ್ಷಮೆನೇ ಸರ್" ಎಂದಳು ಮಗಳು. "ಇವರ ದನಿಗೆ ಬೇರೆ ಬಣ್ಣ ಇಲ್ಲ."

ಅವಳು ಎರಡು ಪಂದ್ಯ ಹೊರಗೆ ಕೂರಬೇಕು, ಆಮೇಲೆ ತಂಡಕ್ಕೆ ಮರಳಬಹುದು ಎಂದು ತೀರ್ಮಾನವಾಯಿತು.

"ಎರಡು ಜಾಸ್ತಿ ಆಯ್ತು" ಎಂದು ಮೆಟ್ಟಿಲಿಳಿಯುತ್ತಾ ಕುಕ್ಕರ್ ಗೊಣಗಿದ.

"ಕಡಿಮೆನೇ ಅಪ್ಪ."

ಅವನು ಕುದಿದದ್ದನ್ನೆಲ್ಲಾ ಹೊಟ್ಟೆಯಲ್ಲೇ ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದ. ಬಸ್ಸು ತಡವಾಗಿ ಬಂತು. ಹತ್ತಿದವನೇ ಕಂಡಕ್ಟರನ ಮೇಲೆ ಹರಿಹಾಯ್ದ. ಮಗಳು ಮುಂದಿನ ಸೀಟಿಗೆ ಹೋಗಿ, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲ ಎನ್ನುವಂತೆ ಕಿಟಕಿಯಾಚೆ ನೋಡುತ್ತಾ ಕೂತಳು. ಟಿಕೆಟ್ ತೆಗೆದುಕೊಳ್ಳುವಾಗ ಮಾತ್ರ ಹಿಂದಕ್ಕೆ ಕೈ ತೋರಿಸಿ, "ಅವರು ಕೊಡ್ತಾರೆ, ನಮ್ಮಪ್ಪ" ಎಂದಳು.